ಫೋನ್ ಕೈಗೆ ಬಂತು, ಒಂಟಿತನ ಹೋಯಿತೇ?

ವಯಸ್ಸಾದ ಅಪ್ಪ ಅಮ್ಮ ಒಂಟಿಯಾಗಿದ್ದಾರೆ ಅನ್ನಿಸಿದ ಕೂಡಲೇ ಮಕ್ಕಳು ಮಾಡುವ ಮೊದಲ ಕೆಲಸ ಒಂದು ಸ್ಮಾರ್ಟ್‌ಫೋನ್ ಕೊಡಿಸುವುದು. ಪ್ರೀತಿಯಿಂದಲೇ ಕೊಡಿಸುತ್ತಾರೆ. ವಾಟ್ಸಾಪ್ ಹಾಕಿಕೊಡುತ್ತಾರೆ, ಮನೆಯವರ ಗ್ರೂಪಿಗೆ ಸೇರಿಸುತ್ತಾರೆ, ವಿಡಿಯೋ ಕಾಲ್ ಮಾಡೋದು ಹೇಗೆ ಅಂತ ತೋರಿಸಿ ಹೊರಡುತ್ತಾರೆ. ಕೆಲವರಿಗೆ ಆ ಫೋನಿನಿಂದ ದಿನಕ್ಕೊಂದು ಹೊಸ ಉಸಿರು ಬರುತ್ತದೆ. ಇನ್ನು ಕೆಲವರು ಬೆಳಗಿನಿಂದ ರಾತ್ರಿವರೆಗೆ ವಿಡಿಯೋ ನೋಡುತ್ತಾ ಮೊದಲಿಗಿಂತ ಜಾಸ್ತಿ ಮೂಲೆ ಹಿಡಿಯುತ್ತಾರೆ. ಮತ್ತೆ ಕೆಲವರ ಫೋನ್ ಡ್ರಾಯರ್ ಸೇರುತ್ತದೆ. ಸಾಧನ ಒಂದೇ, ಫಲ ಮೂರು ಥರ. ಯಾಕೆ ಹೀಗೆ?

ಈ ಪ್ರಶ್ನೆಯ ಮೇಲೆ ಸುಮಾರು ಮೂವತ್ತು ವರ್ಷಗಳಿಂದ ಸಂಶೋಧನೆ ನಡೆಯುತ್ತಿದೆ. ಅದನ್ನೆಲ್ಲ ಓದಿದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿರುವುದು ಇಷ್ಟು: ಫೋನ್ ಎಷ್ಟು ಒಳ್ಳೆಯದು ಅನ್ನುವುದಕ್ಕಿಂತ, ಅದರ ಆ ಕಡೆ ಯಾರಿದ್ದಾರೆ, ಅವರು ಹೇಳಿದ ಹೊತ್ತಿಗೆ ಸಿಗುತ್ತಾರಾ ಅನ್ನುವುದೇ ಮುಖ್ಯ. ಇದು ಹೇಗೆ ಅಂತ ಬಿಡಿಸಿ ನೋಡೋಣ.

ಎರಡು ಬೇರೆ ಬೇರೆ ತೊಂದರೆಗಳು

ನಾವು ಒಟ್ಟಾಗಿ ಒಂಟಿತನ ಅನ್ನುವುದರಲ್ಲಿ ಎರಡು ಸಂಗತಿ ಸೇರಿಕೊಂಡಿವೆ. ಒಂದನ್ನು ಎಣಿಸಬಹುದು. ತಿಂಗಳಲ್ಲಿ ಎಷ್ಟು ಜನರ ಮುಖ ನೋಡುತ್ತಾರೆ? ಎಷ್ಟು ಜನರ ಹತ್ತಿರ ಮನಸ್ಸು ಬಿಚ್ಚಿ ಮಾತಾಡುತ್ತಾರೆ? ಕಷ್ಟ ಬಂದರೆ ಯಾರನ್ನು ಕರೆಯುತ್ತಾರೆ? ಇದು ಸಂಪರ್ಕದ ಕೊರತೆ. ಇನ್ನೊಂದು ಮನಸ್ಸಿನದು. ನನಗೆ ಬೇಕಾದಂಥ ಒಡನಾಟ ಸಿಗುತ್ತಿಲ್ಲ ಅನ್ನುವ ಕೊರಗು. ಮನೆ ತುಂಬ ಜನರಿದ್ದೂ ಈ ಕೊರಗು ಇರಬಹುದು. ಒಬ್ಬರೇ ಇದ್ದೂ ಇಲ್ಲದಿರಬಹುದು.

ಎರಡನ್ನೂ ಅಳೆಯಲು ಬೇರೆ ಬೇರೆ ಪ್ರಶ್ನೆಗಳಿವೆ. ಸಂಪರ್ಕದ ಕೊರತೆಗೆ ಸಂಶೋಧಕ ಜೇಮ್ಸ್ ಲುಬೆನ್ ರೂಪಿಸಿದ ಪ್ರಶ್ನೆಗಳ ಪಟ್ಟಿಯನ್ನು ಬಳಸುತ್ತಾರೆ. ಅದರ ಚಿಕ್ಕ ರೂಪದಲ್ಲಿ ಸಂಬಂಧಿಕರ ಬಗ್ಗೆ ಮೂರು, ಸ್ನೇಹಿತರ ಬಗ್ಗೆ ಮೂರು ಪ್ರಶ್ನೆಗಳು. ಒಟ್ಟು 30 ಅಂಕ. 12ಕ್ಕಿಂತ ಕಡಿಮೆ ಬಂದರೆ ಆ ವ್ಯಕ್ತಿ ಜನರಿಂದ ದೂರವಾಗುವ ಅಪಾಯದಲ್ಲಿದ್ದಾರೆ ಅಂತ ಲೆಕ್ಕ. ಮನಸ್ಸಿನ ಕೊರಗಿಗೆ 2004ರಲ್ಲಿ ಬಂದ ಮೂರೇ ಪ್ರಶ್ನೆಗಳ ಅಳತೆಯೊಂದಿದೆ. ಜೊತೆಗೆ ಯಾರೂ ಇಲ್ಲ ಅಂತ ಎಷ್ಟು ಸಲ ಅನ್ನಿಸುತ್ತದೆ? ನನ್ನನ್ನು ಬಿಟ್ಟುಬಿಟ್ಟಿದ್ದಾರೆ ಅಂತ? ಎಲ್ಲರಿಂದ ದೂರ ಉಳಿದಿದ್ದೇನೆ ಅಂತ? ಗಮನಿಸಿ, 'ನೀವು ಒಂಟಿಯಾ' ಅಂತ ಇದರಲ್ಲಿ ಎಲ್ಲೂ ಕೇಳುವುದಿಲ್ಲ. ಹಾಗೆ ಮುಖಕ್ಕೆ ಕೇಳಿದರೆ 'ಛೇ ಛೇ, ಇಲ್ಲಪ್ಪ' ಅನ್ನುವವರೇ ಜಾಸ್ತಿ ಅಲ್ವಾ?

ಮನಸ್ಸಿನ ಕೊರಗಿನಲ್ಲೂ ಎರಡು ಬಗೆ ಇದೆ ಅಂತ 1973ರಲ್ಲೇ ಸಮಾಜಶಾಸ್ತ್ರಜ್ಞ ರಾಬರ್ಟ್ ವೀಸ್ ಹೇಳಿದ್ದರು. ತೀರಾ ಹತ್ತಿರದ ಒಬ್ಬರು ಇಲ್ಲದ ಕೊರಗು ಒಂದು. ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರಿಗೆ ಬರುವುದು ಇದು. ನಮ್ಮದು ಅನ್ನುವ ಒಂದು ಗುಂಪು, ಸುತ್ತಮುತ್ತ ಗುರುತಿನವರು ಇಲ್ಲದ ಕೊರಗು ಇನ್ನೊಂದು. ಒಂದರ ಮದ್ದು ಇನ್ನೊಂದಕ್ಕೆ ಆಗುವುದಿಲ್ಲ ಅಂತ ವೀಸ್ ವಾದ. ದಿನಾ ವಿಡಿಯೋ ಕಾಲ್ ಮಾಡುವ ಮಗಳಿದ್ದರೂ ಅಮ್ಮ ಯಾಕೆ ಬೇಜಾರಿನಲ್ಲಿರುತ್ತಾರೆ ಅನ್ನುವ ಒಗಟು ಇಲ್ಲಿ ಬಿಡಿಸಿಕೊಳ್ಳುತ್ತದೆ. ಮಗಳ ಕರೆ ಮೊದಲ ಕೊರಗನ್ನು ಸ್ವಲ್ಪ ತಗ್ಗಿಸಬಹುದು. ಜೊತೆಗೆ ಕೂತು ಹರಟೆ ಹೊಡೆಯುವ ಓರಗೆಯವರು ಇಲ್ಲದಿರುವುದನ್ನು ಅದು ತುಂಬುವುದಿಲ್ಲ.

ಇದನ್ನು ಬರೀ ಮನಸ್ಸಿನ ವಿಷಯ ಅಂತ ತಳ್ಳಿಹಾಕುವ ಹಾಗಿಲ್ಲ. 2015ರಲ್ಲಿ ಜೂಲಿಯನ್ ಹೋಲ್ಟ್-ಲುನ್‌ಸ್ಟಾಡ್ ಮತ್ತು ಸಂಗಡಿಗರು 70 ಅಧ್ಯಯನಗಳನ್ನು, ಅಂದರೆ 34 ಲಕ್ಷ ಜನರ ಮಾಹಿತಿಯನ್ನು ಒಟ್ಟಿಗೆ ಸೇರಿಸಿ ನೋಡಿದರು. ಸಂಪರ್ಕ ಕಡಿಮೆ ಇದ್ದವರಲ್ಲಿ ಬೇಗ ಸಾಯುವ ಸಾಧ್ಯತೆ ಶೇ 29ರಷ್ಟು ಹೆಚ್ಚಿತ್ತು. ಕೊರಗು ಇದ್ದವರಲ್ಲಿ ಶೇ 26ರಷ್ಟು. ಒಂಟಿತನದಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 8 ಲಕ್ಷ 71 ಸಾವಿರ ಸಾವು ಆಗುತ್ತಿವೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಅಂದಾಜು ಮಾಡಿತು. ಇದು ಎಲ್ಲ ವಯಸ್ಸಿನವರ ಲೆಕ್ಕ.

ಫೋನ್ ಇದ್ದವರು ಸುಖಿಗಳು ಅನ್ನುವ ಲೆಕ್ಕದ ಗೋಜಲು

ಇಂಟರ್‌ನೆಟ್ ಬಳಸುವ ಹಿರಿಯರಲ್ಲಿ ಒಂಟಿತನ ಕಡಿಮೆ ಅಂತ ಆಗಾಗ ಸಮೀಕ್ಷೆಗಳು ಬರುತ್ತವೆ. ಓದಿದ ತಕ್ಷಣ ಇಂಟರ್‌ನೆಟ್ಟೇ ಮದ್ದು ಅನ್ನಿಸುತ್ತದೆ. ಆದರೆ ತಿರುಗಿಸಿ ನೋಡಿ. ಓದು ಬರಹ ಚೆನ್ನಾಗಿ ಗೊತ್ತಿರುವವರು, ಕಣ್ಣು ಕಿವಿ ಚೆನ್ನಾಗಿರುವವರು, ಮೊದಲೇ ನಾಲ್ಕು ಜನ ಗೆಳೆಯರಿರುವವರೇ ಇಂಟರ್‌ನೆಟ್ಟಿಗೂ ಬೇಗ ಬರುತ್ತಾರೆ. ಮೆಸೇಜ್ ಕಳಿಸಲು ಯಾರೋ ಒಬ್ಬರು ಇದ್ದರೆ ತಾನೇ ಮೆಸೇಜ್ ಕಳಿಸೋದು ಕಲಿಯುವ ಮನಸ್ಸಾಗುವುದು? ಹಾಗಾಗಿ ಯಾವುದು ಕಾರಣ, ಯಾವುದು ಫಲ ಅಂತ ಬರೀ ಸಮೀಕ್ಷೆಯಿಂದ ಗೊತ್ತಾಗುವುದಿಲ್ಲ.

ಇದಕ್ಕೆ ತಕ್ಕ ದಾರಿ ಒಂದೇ. ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಸಾಧನ ಕೊಟ್ಟು, ಇನ್ನೊಂದಕ್ಕೆ ಕೊಡದೆ ನೋಡುವುದು. ಇಂಥ ಪ್ರಯೋಗಗಳಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸುವುದು ಸಾರಾ ಸಾಯಾ ತಂಡ ಅಮೆರಿಕದಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ 'ಪ್ರಿಸಂ' ಪ್ರಯೋಗ. 65 ದಾಟಿದ, ಒಬ್ಬರೇ ವಾಸಿಸುವ 300 ಜನ. ಅರ್ಧ ಜನರಿಗೆ ಹಿರಿಯರಿಗಾಗಿಯೇ ಸರಳವಾಗಿ ಮಾಡಿದ ಕಂಪ್ಯೂಟರ್. ಇಮೇಲ್, ಫೋಟೋ, ಆಟ, ಸುತ್ತಮುತ್ತ ಸಿಗುವ ಸೌಲಭ್ಯಗಳ ಮಾಹಿತಿ, ಎಲ್ಲ ಒಂದೇ ಕಡೆ. ಉಳಿದವರಿಗೆ ಅದೇ ಥರದ ಮಾಹಿತಿಯನ್ನು ಕಾಗದದಲ್ಲಿ ಅಚ್ಚು ಹಾಕಿಸಿದ ಒಂದು ಫೈಲ್. ಆರು ತಿಂಗಳಿಗೆ ಕಂಪ್ಯೂಟರ್ ಗುಂಪಿನವರಲ್ಲಿ ಒಂಟಿತನ ಕಡಿಮೆಯಾಗಿತ್ತು. ನಮಗೆ ಆಸರೆ ಇದೆ ಅನ್ನುವ ಭಾವನೆ ಹೆಚ್ಚಿತ್ತು. ಒಂದು ವರ್ಷ ಕಳೆಯುವ ಹೊತ್ತಿಗೆ ಎರಡು ಗುಂಪಿನ ನಡುವಿನ ಈ ಅಂತರ ಉಳಿಯಲಿಲ್ಲ.

ಈ ಕೊನೆಯ ವಾಕ್ಯವನ್ನು ಮರೆಯಬಾರದು. ಸಾಧನದಿಂದ ಉಪಯೋಗ ಆಯಿತು ಅನ್ನುವುದು ನಿಜ. ಅದು ತಾನಾಗಿ ಉಳಿಯಲಿಲ್ಲ ಅನ್ನುವುದೂ ಅಷ್ಟೇ ನಿಜ.

ಹಾಗಾದರೆ ವಿಡಿಯೋ ಕಾಲ್? 2020ರಲ್ಲಿ ಕೋವಿಡ್ ಬಂದು ವೃದ್ಧಾಶ್ರಮಗಳ ಬಾಗಿಲು ಮುಚ್ಚಿದಾಗ ಆರೋಗ್ಯದ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ತಂಡ ಇದನ್ನೇ ತುರ್ತಾಗಿ ಪರಿಶೀಲಿಸಿತು. ಸಿಕ್ಕಿದ್ದು ಮೂರೇ ಪ್ರಯೋಗ, 201 ಜನ. ಮೂರೂ ತೈವಾನಿನ ವೃದ್ಧಾಶ್ರಮಗಳಲ್ಲಿ ನಡೆದವು. ಒಂಟಿತನ ಕಡಿಮೆಯಾಗುತ್ತದೆ ಅಂತ ಹೇಳುವಷ್ಟು ಪುರಾವೆ ಅವುಗಳಲ್ಲಿ ಇರಲಿಲ್ಲ. ಜಗತ್ತೇ ವಿಡಿಯೋ ಕಾಲ್ ನಂಬಿ ಕೂತಿದ್ದ ಹೊತ್ತಿನಲ್ಲಿ ಬಂದ ಉತ್ತರ ಇದು.

ಇನ್ನೊಂದು ಕಡೆ, ತೀರಾ ಹಳೆಯ ಸಾಧನದಿಂದ ಸಿಕ್ಕ ಫಲ ನೋಡಿ. ಅದೇ 2020ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಮನೆಮನೆಗೆ ಊಟ ತಲುಪಿಸುವ ಒಂದು ಸಂಸ್ಥೆಯ 240 ಜನರನ್ನು ಪ್ರಯೋಗಕ್ಕೆ ತೆಗೆದುಕೊಂಡರು. ಹೆಚ್ಚಿನವರು ವಯಸ್ಸಾದವರು. ಅರ್ಧ ಜನರಿಗೆ ನಾಲ್ಕು ವಾರ ಬರೀ ಫೋನ್ ಕರೆ. ಕರೆ ಮಾಡಿದವರು ಡಾಕ್ಟರೂ ಅಲ್ಲ, ಆಪ್ತ ಸಲಹೆಗಾರರೂ ಅಲ್ಲ. 17ರಿಂದ 23 ವರ್ಷದ 16 ಹುಡುಗ ಹುಡುಗಿಯರು. ಅವರಿಗೆ ಕಲಿಸಿದ್ದು ಒಂದೇ ವಿಷಯ: ಎದುರಿನವರು ಏನು ಹೇಳಲು ಬಯಸುತ್ತಾರೋ ಅದರ ಬಗ್ಗೆ ಕೇಳಿ, ಕಿವಿಗೊಡಿ. ಮೊದಲ ಕೆಲವು ದಿನ ಪ್ರತಿದಿನ ಕರೆ. ಆಮೇಲೆ ವಾರಕ್ಕೆ ಎಷ್ಟು ಸಲ, ಯಾವ ಹೊತ್ತಿಗೆ ಅನ್ನುವುದು ಹಿರಿಯರ ಇಷ್ಟ. ನಾಲ್ಕು ವಾರದಲ್ಲಿ ಒಂಟಿತನ, ಖಿನ್ನತೆ, ಆತಂಕ ಮೂರೂ ಇಳಿದವು. 2021ರಲ್ಲಿ ಇದು ಪ್ರಕಟವಾಯಿತು. ಸ್ಮಾರ್ಟ್‌ಫೋನ್ ಬೇಕಾಗಲಿಲ್ಲ, ಆ್ಯಪ್ ಬೇಕಾಗಲಿಲ್ಲ.

ಹಿರೋಕೊ ಡಾಜ್ ನೇತೃತ್ವದ ಮತ್ತೊಂದು ಪ್ರಯೋಗದಲ್ಲಿ 75 ದಾಟಿದ 186 ಜನರಿದ್ದರು. ಒಂದು ಗುಂಪಿಗೆ ಅರ್ಧ ಗಂಟೆಯ ವಿಡಿಯೋ ಮಾತುಕತೆ, ಆರು ತಿಂಗಳು ವಾರಕ್ಕೆ ನಾಲ್ಕು ಸಲ, ಆಮೇಲೆ ಎರಡು ಸಲ. ಮಾತಾಡುವವರು ತರಬೇತಿ ಪಡೆದವರು, ದಿನಕ್ಕೊಂದು ವಿಷಯ ಎತ್ತಿಕೊಂಡು ಮಾತಿಗೆ ಎಳೆಯುತ್ತಿದ್ದರು. ಇನ್ನೊಂದು ಗುಂಪಿಗೆ ವಾರಕ್ಕೊಮ್ಮೆ ಹತ್ತು ನಿಮಿಷದ ಫೋನ್ ಕರೆ ಅಷ್ಟೇ. ಆರು ತಿಂಗಳಿಗೆ ನೆನಪು ಮತ್ತು ಯೋಚನಾಶಕ್ತಿಯ ಪರೀಕ್ಷೆಯಲ್ಲಿ ವಿಡಿಯೋ ಗುಂಪು ಮುಂದಿತ್ತು. ಆದರೆ ಮನಸ್ಸಿನ ನೆಮ್ಮದಿ ಎರಡೂ ಗುಂಪಿನಲ್ಲಿ ಸುಧಾರಿಸಿತ್ತು. ವಾರಕ್ಕೆ ಹತ್ತೇ ನಿಮಿಷ, ಅದೂ ಬರೀ ಧ್ವನಿ, ಅಷ್ಟರಿಂದಲೂ ಏನೋ ಒಳ್ಳೆಯದಾಗಿರಬೇಕು.

ಇವನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಿದರೆ ಗೆದ್ದ ಕಡೆಗಳಲ್ಲಿ ಎರಡು ಸಂಗತಿ ಕಾಣುತ್ತವೆ. ಕರೆ ಬರುತ್ತದೆ ಅಂತ ಮೊದಲೇ ಗೊತ್ತಿರುತ್ತದೆ. ಬಂದ ಕರೆಯಲ್ಲಿ ಮಾತು ಹಿರಿಯರದ್ದಾಗಿರುತ್ತದೆ. ಮಂಗಳವಾರ ಸಂಜೆ ಐದಕ್ಕೆ ಕರೆ ಬರುತ್ತದೆ ಅಂದರೆ ಮಂಗಳವಾರ ಮಧ್ಯಾಹ್ನದಿಂದಲೇ ಅದನ್ನು ಎದುರು ನೋಡುತ್ತಿರುತ್ತಾರೆ. ಹೇಳಬೇಕಾದ ಸಂಗತಿಗಳನ್ನು ಮನಸ್ಸು ಕೂಡಿಡುತ್ತದೆ. ಯಾವಾಗಲೋ ಬಿಡುವಾದಾಗ ಬರುವ ಕರೆಗೆ ಈ ಗುಣ ಇಲ್ಲ.

ಬೆರಳು ಮತ್ತು ಕಿವಿ

'ಅಮ್ಮನಿಗೆ ಫೋನ್ ಅಂದರೆ ಆಸಕ್ತಿನೇ ಇಲ್ಲ' ಅಂತ ಮಕ್ಕಳು ಹೇಳುವುದುಂಟು. ಎಷ್ಟೋ ಸಲ ಅದು ಆಸಕ್ತಿಯ ಪ್ರಶ್ನೆಯೇ ಆಗಿರುವುದಿಲ್ಲ. ಒಂದು ಚಿಕ್ಕ ವಿಷಯವನ್ನು ಹತ್ತಿರದಿಂದ ನೋಡೋಣ.

ಸ್ಕ್ರೀನ್ ಮೇಲಿನ ಚಿತ್ರವನ್ನು ಮುಟ್ಟಿದರೆ ಆ್ಯಪ್ ತೆರೆಯುತ್ತದೆ. ಸುಮಾರು ಅರ್ಧ ಸೆಕೆಂಡ್ ಒತ್ತಿ ಹಿಡಿದರೆ ಫೋನ್ ಅದನ್ನು ಬೇರೆಯೇ ಆಜ್ಞೆ ಅಂದುಕೊಳ್ಳುತ್ತದೆ. ಮೆನು ಬರುತ್ತದೆ, ಚಿತ್ರ ಜಾಗ ಬಿಟ್ಟು ಸರಿಯುತ್ತದೆ, ಒಮ್ಮೊಮ್ಮೆ ಆ್ಯಪ್ ಅಳಿಸಲಾ ಅಂತ ಕೇಳುತ್ತದೆ. ಜೀವನವಿಡೀ ಗುಂಡಿ, ಸ್ವಿಚ್ಚುಗಳನ್ನು ಒತ್ತಿ ಬಂದ ಕೈಗೆ ಕೆಲಸ ಆಗದಿದ್ದರೆ ಇನ್ನೂ ಗಟ್ಟಿಯಾಗಿ ಒತ್ತುವುದು ರೂಢಿ. ಜೊತೆಗೆ ವಯಸ್ಸಾದಂತೆ ಬೆರಳ ತುದಿಯ ಚರ್ಮ ಒಣಗುತ್ತದೆ. ಸ್ಕ್ರೀನ್ ಗ್ರಹಿಸುವುದು ಬೆರಳಿನ ಭಾರವನ್ನಲ್ಲ, ಅದರಿಂದಾಗುವ ಸಣ್ಣ ವಿದ್ಯುತ್ ಬದಲಾವಣೆಯನ್ನು. ಒಣ ಬೆರಳನ್ನು ಅದು ಸರಿಯಾಗಿ ಗುರುತಿಸದೇ ಇರಬಹುದು. ಆಗ ಅಜ್ಜಿ ಇನ್ನಷ್ಟು ಒತ್ತುತ್ತಾರೆ. ಇನ್ನಷ್ಟು ಒತ್ತಿದಾಗ ಬೇರೇನೋ ಆಗುತ್ತದೆ. 'ನಾನು ಮುಟ್ಟಿದರೆ ಹಾಳಾಗುತ್ತೆ' ಅನ್ನುವ ಹೆದರಿಕೆ ಹುಟ್ಟುವುದು ಹೀಗೆ. ಆಂಡ್ರಾಯ್ಡ್ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಅನ್ನುವ ಕಡೆ ಈ ಒತ್ತಿ ಹಿಡಿಯುವ ಸಮಯವನ್ನು ಹೆಚ್ಚಿಸಬಹುದು. ಐಫೋನಿನಲ್ಲೂ ಅದೇ ಕಡೆ 'ಟಚ್ ಅಕಾಮೊಡೇಶನ್ಸ್' ಅಂತ ಇದೆ. ಫೋನ್ ಕೊಡಿಸಿದ ದಿನವೇ ಇದನ್ನು ಮಾಡಿಕೊಡುವವರು ಎಷ್ಟು ಜನ?

ಇನ್ನು ಕಿವಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 60 ದಾಟಿದವರಲ್ಲಿ ಶೇ 65ಕ್ಕೂ ಹೆಚ್ಚು ಜನರಿಗೆ ಸ್ವಲ್ಪವಾದರೂ ಕಿವಿ ಮಂದವಾಗಿರುತ್ತದೆ. ವಯಸ್ಸಿನಿಂದ ಬರುವ ಈ ಮಂದ ಮೊದಲು ತಿನ್ನುವುದು ಕೀರಲು ಸ್ವರಗಳನ್ನು. ನಮ್ಮ ಮಾತಿನಲ್ಲಿ ಸ, ಶ, ಫ ದಂಥ ಅಕ್ಷರಗಳ ಸದ್ದು ಇರುವುದು ಹೆಚ್ಚಾಗಿ ಅಲ್ಲೇ. ಆದ್ದರಿಂದಲೇ ವಯಸ್ಸಾದವರು 'ದನಿ ಕೇಳಿಸುತ್ತೆ, ಮಾತು ಗೊತ್ತಾಗಲ್ಲ' ಅನ್ನುತ್ತಾರೆ. ಅದು ನೂರಕ್ಕೆ ನೂರು ಸರಿಯಾದ ವಿವರಣೆ. ಹಳೆಯ ಥರದ ಫೋನ್ ಲೈನ್ ಸಾಗಿಸುವುದು 300ರಿಂದ 3400 ಹರ್ಟ್ಜ್‌ವರೆಗಿನ ಸದ್ದನ್ನು ಮಾತ್ರ (ಸ್ವರ ಕೀರಲಾದಷ್ಟೂ ಹರ್ಟ್ಜ್ ಹೆಚ್ಚು). 'ಸ' ಅಕ್ಷರದ ಸದ್ದಿನ ಬಹುಪಾಲು ಅದಕ್ಕಿಂತ ಮೇಲೆ. ಕಿವಿಯಲ್ಲೇ ಅರ್ಧ ಹೋಗಿದ್ದಕ್ಕೆ ಲೈನಿನಲ್ಲಿ ಉಳಿದರ್ಧ ಹೋಗುತ್ತದೆ. ಆಗ ಹಿರಿಯರು ಏನು ಮಾಡುತ್ತಾರೆ? ಹೂಂ, ಹೂಂ ಅನ್ನುತ್ತಾರೆ. 'ಸರಿ ಇಡ್ಲಾ' ಅನ್ನುತ್ತಾರೆ. ಅಪ್ಪನಿಗೆ ಮಾತು ಬೇಡವಾಗಿದೆ ಅಂತ ಮಗ ತಿಳಿಯುತ್ತಾನೆ. ಮುಂದಿನ ವಾರ ಕರೆ ಇನ್ನೂ ಚಿಕ್ಕದಾಗುತ್ತದೆ.

ಇಂಟರ್‌ನೆಟ್ ಮೂಲಕ ಹೋಗುವ ಕರೆಗಳು ಸಾಮಾನ್ಯವಾಗಿ ಇದಕ್ಕಿಂತ ಅಗಲವಾದ ಸದ್ದನ್ನು ಸಾಗಿಸುತ್ತವೆ. ವಿಡಿಯೋ ಇದ್ದರೆ ತುಟಿಯೂ ಕಾಣುತ್ತದೆ. ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ಕೂತರೆ ಅವರಿಗೆ ಅರ್ಧ ಮಾತು ಕಣ್ಣಿನಿಂದಲೇ ಕೇಳಿಸುತ್ತದೆ. ಕಿಟಕಿಗೆ ಬೆನ್ನು ಹಾಕಿ ಕೂತರೆ ಅದೂ ಇಲ್ಲ.

ಶ್ರವಣ ಸಾಧನವೂ ತಂತ್ರಜ್ಞಾನವೇ ಅನ್ನುವುದನ್ನು ನಾವು ಮರೆತುಬಿಡುತ್ತೇವೆ. ಅಮೆರಿಕದಲ್ಲಿ 70ರಿಂದ 84 ವಯಸ್ಸಿನ 977 ಜನರ ಮೇಲೆ ಮೂರು ವರ್ಷ ನಡೆದ 'ಅಚೀವ್' ಪ್ರಯೋಗದಲ್ಲಿ, ಶ್ರವಣ ಸಾಧನ ಮತ್ತು ಅದನ್ನು ಬಳಸುವ ತರಬೇತಿ ಸಿಕ್ಕವರು ಉಳಿದವರಿಗೆ ಹೋಲಿಸಿದರೆ ತಮ್ಮ ಒಡನಾಟದ ಬಳಗದಲ್ಲಿ ಸರಾಸರಿ ಒಬ್ಬರನ್ನು ಹೆಚ್ಚಾಗಿ ಉಳಿಸಿಕೊಂಡಿದ್ದರು. ಒಬ್ಬರೇ ತಾನೇ ಅನ್ನಬೇಡಿ. ಇರುವುದೇ ಐದಾರು ಜನ ಆದಾಗ ಒಬ್ಬರು ತುಂಬಾ ದೊಡ್ಡ ಲೆಕ್ಕ. ಹೊಸ ಫೋನಿಗೆ ಇಡುವ ಹಣವನ್ನು ಮೊದಲು ಕಿವಿ ಪರೀಕ್ಷೆಗೆ ಇಡಿ ಅಂತ ನಾನು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ.

ಕಿತ್ತುಕೊಂಡ ಮಾತುಗಳು

ತಂತ್ರಜ್ಞಾನ ಹಿರಿಯರನ್ನು ಒಂಟಿ ಮಾಡುವ ಇನ್ನೊಂದು ದಾರಿ ಇದೆ. ಅದು ಅವರ ಕೈಯಲ್ಲಿರುವ ಫೋನಿನಿಂದ ಅಲ್ಲ, ಉಳಿದವರ ಫೋನಿನಿಂದ. ಬ್ಯಾಂಕಿನ ಕೌಂಟರ್ ಮುಚ್ಚಿ ಆ್ಯಪ್ ಬಂತು. ಟಿಕೆಟ್ ಕೊಡುವವರ ಜಾಗದಲ್ಲಿ ಯಂತ್ರ ಬಂತು. ಸಾಮಾನು ಬಾಗಿಲಿಗೆ ಬರುತ್ತದೆ, ತಂದವರು ಮೆಸೇಜ್ ಹಾಕಿ ಹೋಗುತ್ತಾರೆ. ದುಡಿಯುವ ವಯಸ್ಸಿನವರಿಗೆ ಇದರಿಂದ ಸಮಯ ಉಳಿಯುತ್ತದೆ. ಒಬ್ಬರೇ ಇರುವ ಎಂಬತ್ತರ ಅಜ್ಜನಿಗೆ ಕೌಂಟರಿನ ಆ ಎರಡು ನಿಮಿಷದ ಮಾತೇ ಅವತ್ತಿನ ಮಾತಾಗಿರಬಹುದು.

ಪರಿಚಯ ಅಷ್ಟೇ ಇರುವವರ ಜೊತೆಗಿನ ಇಂಥ ತೆಳು ನಂಟುಗಳು ಎಷ್ಟು ಮುಖ್ಯ ಅನ್ನುವುದನ್ನು 1973ರಲ್ಲಿ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ತೋರಿಸಿದರು. ಅವರು ನೋಡಿದ್ದು ಮುಖ್ಯವಾಗಿ ಸುದ್ದಿ, ಅವಕಾಶಗಳು ಹರಡುವ ಬಗೆಯನ್ನು. ಆಮೇಲೆ 2014ರಲ್ಲಿ ಜಿಲಿಯನ್ ಸ್ಯಾಂಡ್‌ಸ್ಟ್ರಾಮ್ ಮತ್ತು ಎಲಿಜಬೆತ್ ಡನ್, ಇಂಥ ಪರಿಚಿತರ ಜೊತೆ ಜಾಸ್ತಿ ಮಾತಾಡಿದ ದಿನ ಜನ ಹೆಚ್ಚು ಖುಷಿಯಾಗಿರುತ್ತಾರೆ ಅಂತ ಕಂಡುಕೊಂಡರು. ಅಪ್ಪನ ಕೆಲಸವನ್ನೆಲ್ಲ ಮಗ ತನ್ನ ಫೋನಿನಲ್ಲೇ ಮುಗಿಸಿಕೊಟ್ಟರೆ ಅನುಕೂಲ ಆಗುತ್ತದೆ, ನಿಜ. ಜೊತೆಗೆ ಅಪ್ಪ ಮನೆಯಿಂದ ಹೊರಡಲು ಇದ್ದ ನೆಪವೂ ಹೋಗುತ್ತದೆ. ಎಲ್ಲವನ್ನೂ ಆನ್‌ಲೈನ್ ಮಾಡುವ ಮೊದಲು, ಇದರಲ್ಲಿ ಅವರಿಗೆ ಇಷ್ಟವಾದ ಓಡಾಟ ಯಾವುದು ಅಂತ ಕೇಳುವುದು ಒಳ್ಳೆಯದು.

ಮೋಸದ ಮಾತು ಇಲ್ಲಿ ಬರಲೇಬೇಕು. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಲೆಕ್ಕದಲ್ಲಿ 2023 ಒಂದೇ ವರ್ಷ 60 ದಾಟಿದವರು ಆನ್‌ಲೈನ್ ವಂಚನೆಯಲ್ಲಿ ಕಳೆದುಕೊಂಡದ್ದು 340 ಕೋಟಿ ಡಾಲರಿಗೂ ಹೆಚ್ಚು. ಅದು ದೂರು ಕೊಟ್ಟವರ ಲೆಕ್ಕ ಮಾತ್ರ. ವಂಚಕರು ಏನು ಮಾಡುತ್ತಾರೆ ನೋಡಿ: ದಿನಾ ಹೇಳಿದ ಹೊತ್ತಿಗೆ ಕರೆ ಮಾಡುತ್ತಾರೆ, ಹೆಸರು ಹಿಡಿದು ಮಾತಾಡುತ್ತಾರೆ, ತಾಳ್ಮೆಯಿಂದ ಕೇಳುತ್ತಾರೆ. ಟೆಕ್ಸಾಸ್‌ನ ಆ ಹುಡುಗರು ಒಳ್ಳೆಯದಕ್ಕೆ ಮಾಡಿದ್ದನ್ನೇ ಇವರು ಕೆಟ್ಟದ್ದಕ್ಕೆ ಮಾಡುತ್ತಾರೆ. ಆದ್ದರಿಂದ 'ಅಷ್ಟೂ ಗೊತ್ತಾಗಲಿಲ್ವಾ' ಅಂತ ಹಿರಿಯರನ್ನು ಬೈಯುವುದು ಅನ್ಯಾಯ. ಬೈಸಿಕೊಂಡವರು ಮುಂದಿನ ಸಲ ಹೇಳುವುದೇ ಇಲ್ಲ. ಈಗ ದನಿಯನ್ನೂ ನಕಲು ಮಾಡುವ ಕಾಲ. ಹಣ ಕೇಳಿ ಯಾರೇ ಕರೆ ಮಾಡಿದರೂ ಕೇಳಬೇಕಾದ ಒಂದು ಗುಟ್ಟಿನ ಮಾತನ್ನು ಮನೆಯವರೆಲ್ಲ ಸೇರಿ ಗೊತ್ತುಮಾಡಿಕೊಳ್ಳಿ.

ಮಾತಾಡುವ ಯಂತ್ರಗಳ ಬಗ್ಗೆ ಎರಡು ಮಾತು. ಜಪಾನಿನ ತಕನೊರಿ ಶಿಬಾಟಾ ಮಾಡಿದ, ಸೀಲ್ ಮರಿಯಂಥ ರೋಬಾಟ್ 'ಪಾರೊ' ಮರೆವಿನ ರೋಗ ಇರುವವರನ್ನು ಸಮಾಧಾನ ಮಾಡಲು ಎಷ್ಟೋ ಕಡೆ ಬಳಕೆಯಲ್ಲಿದೆ. ತಟ್ಟಿದರೆ ಅಲುಗಾಡುತ್ತದೆ, ಸದ್ದು ಮಾಡುತ್ತದೆ. ಈಗ ಗಂಟೆಗಟ್ಟಲೆ ಸಂಭಾಷಣೆ ನಡೆಸುವ ಎಐ ಜೊತೆಗಾರರೂ ಬಂದಿದ್ದಾರೆ. ರಾತ್ರಿ ಎರಡು ಗಂಟೆಗೆ ನಿದ್ದೆ ಬಾರದ ಒಬ್ಬರಿಗೆ ಅದರಿಂದ ನೆಮ್ಮದಿ ಸಿಕ್ಕರೆ ಬೇಡ ಅನ್ನಲು ನನಗೆ ಮನಸ್ಸಿಲ್ಲ. ಆದರೆ ಅದು ಇದೆಯಲ್ಲ ಅಂತ ಮನೆಯವರ ಕರೆ ಕಡಿಮೆಯಾದರೆ, ಅಲ್ಲಿಗೆ ಅದು ಹಾನಿ ಮಾಡಲು ಶುರು ಮಾಡಿದಂತೆ.

ಕರೆಯೊಳಗಿನ ಮಾತು

ಕಲಿಸುವ ವಿಷಯದಲ್ಲಿ ಒಂದೇ ನಿಯಮ ಹೇಳುತ್ತೇನೆ: ಫೋನ್ ಅವರ ಕೈಯಲ್ಲೇ ಇರಲಿ. 'ಕೊಡಿಲ್ಲಿ, ನಾನು ಮಾಡ್ತೀನಿ' ಅಂದ ಕ್ಷಣ ಕಲಿಕೆ ನಿಂತಿತು. ಒಂದು ವಾರಕ್ಕೆ ಒಂದೇ ಕೆಲಸ, ಅದೂ ಅವರಿಗೆ ಬೇಕಾದ ಕೆಲಸ. ಗೆಳತಿಗೆ ದನಿ ಮೆಸೇಜ್ ಕಳಿಸುವುದು ಅಂದರೆ ಅದೊಂದೇ. ಹೆಜ್ಜೆಗಳನ್ನು ಅವರದೇ ಮಾತಿನಲ್ಲಿ, ಅವರದೇ ಕೈಬರಹದಲ್ಲಿ ಕಾಗದದ ಮೇಲೆ ಬರೆದುಕೊಳ್ಳಲಿ. ಅಪ್‌ಡೇಟ್ ಬಂದು ಗುಂಡಿಗಳ ಜಾಗ ಬದಲಾದರೆ ಕೂತು ಆ ಕಾಗದವನ್ನೂ ತಿದ್ದಿಸಿ. ಪ್ರಿಸಂ ಪ್ರಯೋಗದ ಎರಡನೇ ಅರ್ಧ ವರ್ಷ ನೆನಪಿರಲಿ. ಸಹಾಯ ಆರು ತಿಂಗಳ ನಂತರವೂ ಬೇಕಾಗುತ್ತದೆ.

ಮಾತಿನ ವಿಷಯ ಇದಕ್ಕಿಂತ ಮುಖ್ಯ. ಬಹಳಷ್ಟು ಮನೆಗಳ ಕರೆ ಹಾಜರಿ ಕರೆಯಾಗಿಬಿಟ್ಟಿದೆ. 'ಮಾತ್ರೆ ತಗೊಂಡ್ಯಾ ಅಮ್ಮಾ? ಬಿಪಿ ಎಷ್ಟಿತ್ತು? ಬಾಗಿಲು ಹಾಕ್ಕೊಂಡ್ಯಾ?' ಕಾಳಜಿ ನಿಜವೇ. ಆದರೆ ಈ ಪ್ರಶ್ನೆಗಳಿಗೆಲ್ಲ ಉತ್ತರ ಒಂದೊಂದೇ ಪದ. ಅವರಿಗೆ ಗೊತ್ತಿರುವುದನ್ನು, ನಿಮಗೆ ಗೊತ್ತಿಲ್ಲದ್ದನ್ನು ಕೇಳಿ ನೋಡಿ. ಬಟ್ಟೆಯ ಈ ಕಲೆ ಹೋಗುವುದು ಹೇಗೆ, ಈ ಹಳೆಯ ಫೋಟೋದಲ್ಲಿ ಎಡಗಡೆ ನಿಂತವರು ಯಾರು, ಮಗು ರಾತ್ರಿ ಅತ್ತರೆ ನೀನು ಏನು ಮಾಡ್ತಿದ್ದೆ? ಸಲಹೆ ಕೇಳಿದಾಗ ಅವರು ನೋಡಿಕೊಳ್ಳಬೇಕಾದವರಾಗಿ ಉಳಿಯುವುದಿಲ್ಲ, ಬೇಕಾದವರಾಗುತ್ತಾರೆ. ಮೊಮ್ಮಗಳು ಶನಿವಾರ ಹತ್ತಕ್ಕೆ ವಿಡಿಯೋದಲ್ಲಿ ಹೊಲಿಗೆ ಕಲಿಯುತ್ತಾಳೆ ಅಂತ ಗೊತ್ತುಮಾಡಿ. ಅಜ್ಜಿ ಒಂಬತ್ತೂವರೆಗೇ ಫೋನ್ ಚಾರ್ಜ್ ಮಾಡಿ, ಸೂಜಿ ದಾರ ಹಿಡಿದು, ಮುಖಕ್ಕೆ ಬೆಳಕು ಬೀಳುವ ಕಡೆ ಕೂತಿರುತ್ತಾರೆ.